ಎಂಟು ಗಂಟೆಯ ಚೀಟಿ

ತುಟಿ ಅಲ್ಲಾಡಿತು, ಹೌದು, ಖಂಡಿತ ಅಲ್ಲಾಡಿತು, ಅಕ್ಕಿ ಗಿರಣಿಯ ಗೋಡೆ ಕಿಟಕಿಯಲ್ಲಿ ಹಿಂದೆ ಸರಿಯುವಾಗ ಹುಸೇನಮ್ಮನ ತುಟಿ ಒಮ್ಮೆ ಕೂಡಿ ಬಿಟ್ಟುಕೊಂಡಿತು, ಗೋಡೆಯ ತುಂಬ ಆಳೆತ್ತರದ ನೀಲಿ ಅಕ್ಷರ, ಅದನ್ನು ಓದಿದಳು, ಓದಿದವಳೇ ಯಾರಾದರೂ ಕಂಡರೇನೋ ಎಂಬಂತೆ ಸೆರಗು ಬಾಯಿಗೆ ಹಿಡಿದು ಮಡಿಲಿನ ಗಂಟಿನ ಕಡೆ ತಿರುಗಿದಳು — ಕಂಡೆನಲ್ಲ, ನಾನು ಕಂಡೆ, ಎರಡು ಸೀಟು ಹಿಂದೆ, ಆಚೆ ಬದಿಯಲ್ಲಿ, ಫ್ಲಾಪಿಗಳ ರೆಕ್ಸಿನ್ ಚೀಲವನ್ನು ಕಾಲಸಂದಿಯಲ್ಲಿ ಒತ್ತಿಕೊಂಡು ಕೂತವನು. ಇದೇ ಹೆಂಗಸು ಅರ್ಧ ತಾಸಿನ ಹಿಂದೆ ಸಿಂಧನೂರು ಬಸ್ ನಿಲ್ದಾಣದಲ್ಲಿ ಹಿಂದಿನಿಂದ ಬಂದು ನನ್ನ ತೋಳು ಮುಟ್ಟಿ, ಯಪ್ಪಾ, ಈ ಗಾಡಿ ಎಲ್ಲಿಗಿ ಹೋಗತೈತಿ, ಬೋರ್ಡು ಓದಿ ಹೇಳು ಅಂದಳು, ನಾನು ಮುಖ ಪೂರ್ತಿ ತಿರುಗಿಸದೆ ಲಿಂಗಸೂಗೂರು, ಮಸ್ಕಿ ಮ್ಯಾಲೆ ಹೋಗತೈತಿ ಅಂದೆ, ಆಮೇಲೆ ತಿರುಗದೆ ವಿಧಿಯಿರಲಿಲ್ಲ, ಅವಳು ಗುರುತು ಹಿಡಿದಳು, ನೀ ವಳಕಮದಿನ್ನಿಗಿ ಬರತಿದ್ದಿ, ಕಂಪ್ಯೂಟರ್ ಯೂನುಸ ಅಲ್ಲೇನು, ಛಲೋ ಅದಿಯೇನಪಾ. ಛಲೋ ಅದೀನವ್ವ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು, ಮಣ್ಣು ತೂರಿದ್ದರೆ ಇನ್ನೂ ಚೆನ್ನಾಗಿತ್ತು, ಛಲೋ ಅದಿಯೇನಪಾ ಅಂದುಬಿಟ್ಟಳು, ಬೋರ್ಡಿನ ಮೇಲೆ ಮಸ್ಕಿ ಎಂದು ಕುರುಡನಿಗೂ ಕಾಣುವಷ್ಟು ದೊಡ್ಡದಾಗಿ ಬರೆದಿತ್ತು, ಓದು ಬರುವ ಹೆಂಗಸು ಅದನ್ನು ಓದಿಸಿಕೊಳ್ಳಲು ಊರಲ್ಲಿ ಅಷ್ಟು ಜನ ಇರುವಾಗ ನನ್ನನ್ನೇ ಹುಡುಕಿದಳು, ದೇವರು ತಮಾಷೆ ಮಾಡುವುದೂ ಹೀಗೆಯೇ ಇರಬೇಕು.

ಕಂಡಕ್ಟರ್ ಬಂದ, ಮಸ್ಕಿ ಒಂದು ಕೊಡ್ರಿ, ಟಿಕೆಟ್ಟನ್ನು ಅಂಗಿಯ ಜೇಬಿಗೆ ಇಳಿಸುವಾಗ ಬೆರಳಿಗೆ ಡೈರಿಯ ರಟ್ಟು ತಾಗಿತು, ರಟ್ಟಿನ ಒಳಗೆ ಅದು ಇದೆ, ಇದ್ದೇ ಇದೆ, ಮುಟ್ಟಿ ನೋಡಿಕೊಂಡೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನಿಗೂ ಒಬ್ಬ ಅನ್ನುವವನಾದರೂ ಇದ್ದ, ನನಗೆ ಯಾರೂ ಏನೂ ಅಂದಿಲ್ಲ, ಹದಿನಾರು ತಿಂಗಳಿಂದ ಯಾರೂ ಏನೂ ಅಂದಿಲ್ಲ, ಅದೇ ತೊಂದರೆ. ಮಸ್ಕಿಯ ನೀರಿನ ಸಂಘದಲ್ಲಿ ಹೊಸ ಪ್ರೋಗ್ರಾಮು ಕೂಡಿಸಬೇಕು, ಇನ್ನು ಇಪ್ಪತ್ತು ದಿನಕ್ಕೆ ಎರಡು ಸಾವಿರನೇ ಇಸವಿ, ಹಳೆಯದು ತಾರೀಖು ತಪ್ಪುತ್ತದಂತೆ, ನಾಳೆ ಲಿಂಗಸೂಗೂರು, ನಾಡಿದ್ದು ಮತ್ತೆರಡು ಊರು, ಎಲ್ಲ ಕಡೆ ನಾನೇ, ನಿನ್ನ ಕೈ ಶುದ್ಧ ಯೂನುಸ ಎನ್ನುತ್ತಾರೆ ಶಿವಶರಣಪ್ಪ ಸರ್, ಸಿಂಧನೂರಿನಲ್ಲಿ ಕಂಪ್ಯೂಟರ್ ಕ್ಲಾಸು ಇಟ್ಟು ಈ ಪ್ರೋಗ್ರಾಮು ಬರೆದವರು, ನನಗೆ ಕೆಲಸ ಕೊಟ್ಟವರು, ಕೈ ಶುದ್ಧವಂತೆ. ವೆಬ್ ಅಪ್ಲಿಕೇಶನ್ ಅನ್ನಬೇಕಂತೆ ಇದಕ್ಕೆ, ಬ್ರೌಸರ್‌ನಲ್ಲಿ ತೆರೆಯುತ್ತದೆ, ವಳಕಮದಿನ್ನಿಯ ಸಂಘದಲ್ಲಿ ಫೋನಿನ ತಂತಿಯೇ ಇಲ್ಲ, ವೆಬ್ಬು ಎಲ್ಲಿಂದ ಬರಬೇಕು, ಜೇಡರ ಬಲೆ ಬಿಟ್ಟರೆ, ಸರ್, ಅಂದಿದ್ದೆ ನಗಾಡುತ್ತ, ಆಗ ನಗು ಬರುತ್ತಿತ್ತು. ಹೊಲಗಳ ಪಟ್ಟಿ ಹಾಕಿದರೆ ಯಾರ ಪಾಳಿ ಯಾವ ದಿನ, ಎಷ್ಟು ಗಂಟೆಗೆ ತೂಬಿನಿಂದ ಯಾರ ಹೊಲಕ್ಕೆ ನೀರು, ಎಲ್ಲ ಲೆಕ್ಕ ಹಾಕಿ ಚೀಟಿ ಅಚ್ಚು ಹಾಕಿ ಕೊಡುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಜಗಳ ಬೇಡ, ಬಡಿದಾಟ ಬೇಡ. ಸರ್ ಮೊದಲ ದಿನವೇ ಹೇಳಿದ್ದರು, ನೋಡು, ಪ್ರೋಗ್ರಾಮು ಎಲ್ಲ ಊರಿಗೂ ಒಂದೇ, ಆದರ ಲೋಕಲ್ ಫೈಲು ಅಂತ ಒಂದು ಅದ, ಅದು ಆಯಾ ಊರಿಂದು, ಆ ಊರಾಗ ಕೂತು, ಆ ಊರಿನವರನ್ನ ಕೇಳಿ ತುಂಬಬೇಕು, ಅದನ್ನ ಫ್ಲಾಪಿಯೊಳಗ ಒಯ್ಯಬ್ಯಾಡ, ಇನ್ನೊಂದು ಊರಿಗಿ ಹಾಕಬ್ಯಾಡ, ಹೊಸದು ಕೂಡಿಸುವಾಗ ಅದನ್ನ ಮುಟ್ಟಬ್ಯಾಡ. ಮೂರು ಬೇಡಗಳು. ಮೂರನ್ನೂ ಮಾಡಿದೆ, ಒಂದೇ ಬೆರಳಲ್ಲಿ.

ಕಾಲುವೆ ಬಂತು, ಬಸ್ಸು ಸೇತುವೆ ಏರಿ ಇಳಿಯಿತು, ನೀರು ಕೆಂಪಗೆ, ತುಂಬಿ ಹರಿಯುತ್ತಿದೆ, ಅವಳು ಕಿಟಕಿಗೆ ಬೆನ್ನು ಮಾಡಿ ಕೂತಳು, ನೀರನ್ನೂ ನೋಡಲೊಲ್ಲಳು — ಅವಳ ಊರು ವಳಕಮದಿನ್ನಿಯಲ್ಲಿ ತೂಬಿನ ಚಾವಿ ಪೀರ್‌ಸಾಬನ ಕೈಯಲ್ಲಿ, ಅವನ ಅಪ್ಪನ ಕಾಲದಿಂದಲೂ ಅವರ ಮನೆಯವರದೇ, ಲೋಕಲ್ ಫೈಲು ತುಂಬುವ ದಿನ ಅವನನ್ನು ಕುರ್ಚಿಯ ಪಕ್ಕ ಕೂಡಿಸಿಕೊಂಡು ಕೇಳಿದ್ದೆ, ಚಾಚಾ, ದಿನ ಎಷ್ಟು ಗಂಟೆಗಿ ಶುರು, ನಕ್ಕಿದ್ದ ಅವನು, ನಿಮ್ಮ ಗಡಿಯಾರದಾಗ ಹನ್ನೆರಡಕ್ಕ ಶುರು ಆಗಲಿ ಬೇಟಾ, ನಮ್ಮ ಪಾಳಿ ಹಂಗಲ್ಲ, ಮುಂಜಾನಿ ಆರಕ್ಕ ನಾ ಚಾವಿ ತಿರುವಿದಾಗ ದಿನ ಹುಟ್ಟತೈತಿ, ಅಲ್ಲಿಂದ ತಾಸು ಎಣಿಸೂದು, ಅಷ್ಟರತನ ಅದು ಹಿಂದಿನ ದಿನಾನ. ಬರೆದುಕೊಂಡೆ, ದಿನದ ಆರಂಭ, ಆರು. ಇನ್ನೊಂದು ಬರಕೋ, ಕೊನೀ ಹೊಲಕ್ಕ ನೀರು ಮುಟ್ಟೂದು ತಡ, ಅಲ್ಲಿಯವರಿಗಿ ಕಾಲು ತಾಸು ಹೆಚ್ಚು ಕೊಡತೀವಿ, ಕಾಗದದಾಗ ಎಲ್ಲೂ ಇಲ್ಲ, ಆದರೂ ಕೊಡತೀವಿ. ಬರೆದುಕೊಂಡೆ, ಹದಿನೈದು ನಿಮಿಷ. ಎರಡೇ ಸಾಲು, ಒಂದು ಊರು ನಲವತ್ತು ವರ್ಷ ಜಗಳವಾಡಿ ಕಲಿತದ್ದು ಎರಡು ಸಾಲಿನಲ್ಲಿ ಕೂತಿತ್ತು, ಅದನ್ನು ಬರೆದಾಗ ಎಷ್ಟು ಹೆಮ್ಮೆಯಿತ್ತು ನನಗೆ, ಕಂಪ್ಯೂಟರಿಗೆ ಪೀರ್‌ಸಾಬನ ಬೆಳಗು ಕಲಿಸಿದೆ ಎಂದು ಮನೆಯಲ್ಲಿ ಅಮ್ಮನ ಮುಂದೆ ಹೇಳಿಕೊಂಡೆ. ಆರು ತಿಂಗಳ ಮೇಲೆ ಹೊಸ ಪ್ರೋಗ್ರಾಮು ಬಂತು, ಅಚ್ಚು ಇನ್ನಷ್ಟು ದಪ್ಪವಾಗಿ ಬೀಳುವಂಥದ್ದು, ಕ್ಲಾಸಿನ ಕಂಪ್ಯೂಟರಿನಿಂದ ಫ್ಲಾಪಿಗೆ ಹಾಕಿಕೊಳ್ಳುವಾಗ ಒಂದೊಂದೇ ಫೈಲು ಆರಿಸಲು ಬೇಸರ, ಇಡೀ ಫೋಲ್ಡರು ಎತ್ತಿ ಹಾಕಿದೆ, ಅದರ ಜೊತೆ ಕ್ಲಾಸಿನ ಕಂಪ್ಯೂಟರಿನ ಲೋಕಲ್ ಫೈಲೂ ಬಂತು, ಪರೀಕ್ಷೆಗೆಂದು ಇಟ್ಟದ್ದು, ಅದರಲ್ಲಿ ದಿನದ ಆರಂಭ ಸೊನ್ನೆ. ವಳಕಮದಿನ್ನಿಯಲ್ಲಿ ಹತ್ತಕ್ಕೆ ಕರೆಂಟು ಹೋಗುತ್ತದೆ, ಒಂಬತ್ತೂ ಐವತ್ತಾಗಿತ್ತು, ಪರದೆಯ ಮೇಲೆ ಕೇಳಿತು, ಈ ಹೆಸರಿನ ಫೈಲು ಮೊದಲೇ ಇದೆ, ಅದರ ಮೇಲೆ ಬರೆಯಲೇ, ಹೌದೋ, ಬೇಡವೋ, ಎಲ್ಲಕ್ಕೂ ಹೌದೋ — ಕೇಳಿತು, ಸುಳ್ಳು ಹೇಳಬಾರದು, ಯಂತ್ರ ನನ್ನನ್ನು ಕೇಳಿತು, ಮನುಷ್ಯರಿಗಿಂತ ಮರ್ಯಾದೆಯಿಂದ ಕೇಳಿತು, ಎಲ್ಲಕ್ಕೂ ಹೌದು ಒತ್ತಿದೆ. ಪೀರ್‌ಸಾಬನ ಬೆಳಗು ಹೋಯಿತು, ಕಾಲು ತಾಸು ಹೋಯಿತು, ಪ್ರಿಂಟರು ಕರಕರ ಎಂದು ಚೀಟಿ ಉಗುಳುತ್ತ ಹೋಯಿತು, ಎಲ್ಲರ ಗಂಟೆಯೂ ಆರಾರು ತಾಸು ಹಿಂದೆ, ನಾನು ಪ್ರಿಂಟರಿನ ರಿಬ್ಬನ್ನಿನ ಮಸಿ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಚಹಾಕ್ಕೆ ಎದ್ದೆ.

ಉಳಿದವರಿಗೆ ಏನೂ ಆಗಲಿಲ್ಲ, ಅದೇ ವಿಚಿತ್ರ, ಉಳಿದವರು ಯಾರೂ ಚೀಟಿ ಓದುತ್ತಲೇ ಇರಲಿಲ್ಲ, ಯಾರ ಹಿಂದೆ ಯಾರು ಎಂಬುದು ಅವರಿಗೆ ಬಾಯಿಪಾಠ, ಸಂಘದ ಅಧ್ಯಕ್ಷ ಗೋಪಣ್ಣ ತನ್ನ ಚೀಟಿಯಿಂದ ಬೀಡಿ ಹಚ್ಚಿಕೊಂಡಿದ್ದ, ಓದಿದವಳು ಒಬ್ಬಳೇ. ನಲವತ್ತು ದಾಟಿದ ಮೇಲೆ ಸಾಕ್ಷರತೆಯ ಕ್ಲಾಸಿನಲ್ಲಿ ಅಕ್ಷರ ಕಲಿತವಳು, ಯೂರಿಯಾ ಚೀಲ ಓದುವಳು, ಬೆಂಕಿಪೊಟ್ಟಣ ಓದುವಳು, ಗಿರಣಿ ಗೋಡೆ ಓದುವಳು, ಗಂಡ ಹೋದ ಮೇಲೆ ಕಾಲುವೆಯ ಕೊನೆಯ ಎರಡೆಕರೆಗೆ ಮೈದುನ ನೀರು ಕಟ್ಟುತ್ತಿದ್ದ, ಆ ವರ್ಷ ಅವಳೇ ಹೊಸ ಸಲಿಕೆ ಕೊಂಡು ತಂದಳು, ಅದರ ಮರದ ಕಾವಿಗೆ ಮೊಹರಮ್ಮಿನ ಅಲಾಯಿ ದೇವರ ಹಸಿರು ಬಟ್ಟೆಯ ಚೂರು ಸುತ್ತಿದಳು, ಅವಳ ಹೆಸರೂ ಆ ದೇವರದೇ, ಹರಕೆಯ ಹೆಸರು. ಸಂಘದ ಬಾಗಿಲಲ್ಲಿ ಚೀಟಿಗೆ ಕೈಚಾಚಿದಾಗ ಓದಿ ಹೇಳಲೇನವ್ವ ಎಂದು ಕೇಳಿದೆ, ಬ್ಯಾಡ, ನಾನ ಓದತೀನಿ, ಅಂದಳು, ಬೆರಳಿಟ್ಟು ಓದಿದಳು, ಹು-ಸೇ-ನ-ಮ್ಮ, ಮುದ್ರೆ ಒತ್ತಿದ ಹಾಗೆ ಒಂದೊಂದೇ ಅಕ್ಷರ, ಗುರುವಾರ, ಇಪ್ಪತ್ತನೇ ತಾರೀಖು, ಮುಂಜಾನಿ ಎಂಟು ಗಂಟಿ, ಮುಖ ಅರಳಿತು, ಈ ಸಲ ಕೊನೀ ಹೊಲದವರಿಗೂ ಮುಂಜಾನಿ ನೀರು ಕೊಟ್ಟೀರಲ್ಲ, ನ್ಯಾಯ ಆತು ಬಿಡು. ನಾನು ಏನೆಂದೆ, ಏನೆಂದೆನಲ್ಲ, ನೆನಪಿದೆ, ಇನ್ನ ಯಾರನ್ನೂ ಕೇಳಬ್ಯಾಡವ್ವ, ಚೀಟ್ಯಾಗ ಏನೈತಿ ಅದ ಖರೇ. ನನ್ನ ನಾಲಿಗೆ ಸೇದಿ ಹೋಗಲಿ, ಅವಳನ್ನು ಹಾಗೆ ಕಳಿಸಿದವನು ನಾನು. ಅವಳ ಪಾಳಿ ಮಧ್ಯಾಹ್ನ ಎರಡಕ್ಕೆ ಇತ್ತು. ಎಂಟರಿಂದ ಎರಡರವರೆಗೆ ಗೋಪಣ್ಣನದು.

ಗುರುವಾರ ನಾನು ರಿಬ್ಬನ್ ಬದಲಿಸಲು ಹೋಗಿದ್ದೆ, ಒಂಬತ್ತರ ಹೊತ್ತಿಗೆ ಗದ್ದಲ, ತೂಬಿನ ಹತ್ತಿರ ನೀರು ಕಳ್ಳಿ ಸಿಕ್ಕಾಳ ಅಂದರು, ಓಡಿದೆ, ಎಲ್ಲರ ಹಿಂದೆ ನಾನೂ ಓಡಿದೆ ನೋಡಲು, ಗೋಪಣ್ಣನ ಹೊಲದ ಕಡೆಗೆ ಮಣ್ಣು ಹಾಕಿ ತನ್ನ ಕಡೆ ನೀರು ತಿರುಗಿಸಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಾಳೆ ಅವಳು, ಕೈಯಲ್ಲಿ ಸಲಿಕೆ, ಹೆದರಿಲ್ಲ, ಸ್ವಲ್ಪವೂ ಹೆದರಿಲ್ಲ, ಕುಪ್ಪಸದಿಂದ ಚೀಟಿ ತೆಗೆದು ಎತ್ತಿ ಹಿಡಿದಿದ್ದಾಳೆ, ನನ್ನ ಪಾಳಿ, ಎಂಟು ಗಂಟಿ, ಓದಿಕೊಳ್ರಿ ಬೇಕಾದರ. ಗೋಪಣ್ಣ ನನ್ನ ಕಡೆ ತಿರುಗಿದ, ಏನೋ ಯೂನುಸ, ನಿನ್ನ ಡಬ್ಬಿ ತಪ್ಪು ಮಾಡೇತೇನು, ಹಂಗಿದ್ದರ ಹೇಳು, ಇವತ್ತ ಎತ್ತಿ ಬಂಡ್ಯಾಗ ಹಾಕಿ ನಿಮ್ಮ ಸರ್ ಮನಿಗಿ ಕಳಸತೀನಿ. ಚೀಟಿ ನನ್ನ ಕೈಗೆ ಬಂತು. ಎಂಟು. ನೋಡಿದ ಕೂಡಲೇ ಗೊತ್ತಾಯಿತು, ಎರಡರಲ್ಲಿ ಆರು ಕಳೆದರೆ, ಹದಿನಾಲ್ಕರಲ್ಲಿ ಆರು ಕಳೆದರೆ ಎಂಟು, ಸೊನ್ನೆ, ಎಲ್ಲಕ್ಕೂ ಹೌದು, ಒಂಬತ್ತೂ ಐವತ್ತು, ಎಲ್ಲ ಒಂದೇ ಉಸಿರಿಗೆ ಗೊತ್ತಾಯಿತು, ಸುತ್ತಲಿನ ಹನ್ನೆರಡು ಊರಿನ ಸಂಘದವರು ಗೋಪಣ್ಣ ಏನನ್ನುತ್ತಾನೆಂದು ಕಾದಿದ್ದರು, ಈ ಪ್ರೋಗ್ರಾಮು ಹಾಕಿಸಲು ಅವನ ಒಂದು ಮಾತು ಸಾಕು, ಬಿಡಿಸಲೂ ಒಂದೇ ಮಾತು ಸಾಕು, ಕಂಪ್ಯೂಟರ್ ತಪ್ಪು ಮಾಡೂದಿಲ್ಲ ಎಂದು ಸರ್ ಇದೇ ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದ್ದರು, ಮಾಡೂದಿಲ್ಲ, ನಿಜ, ಅದು ತಪ್ಪು ಮಾಡಿರಲಿಲ್ಲ. ಇದು ಹಳೇ ಚೀಟಿ ಅದರೀ, ಅಂದೆ. ನನ್ನ ದನಿ ನನಗೇ ಕೇಳಿಸಿತು, ಮೆತ್ತಗಿತ್ತು, ಶಾಂತವಾಗಿತ್ತು, ಹೋದ ಪಾಳೀದು, ಪಾಪ, ನೋಡಿಕೊಂಡಿಲ್ಲ. ಪಾಪ ಎಂದೂ ಅಂದೆ. ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡೆ, ಇನ್ನೊಬ್ಬರು ಕೇಳುವ ಮೊದಲೇ. ತಾರೀಖು ಓದೀನಪಾ, ಇಪ್ಪತ್ತು ಅಂತ ಐತಿ, ನಾ ಓದೀನಿ, ನಿನ್ನ ಮುಂದ ಓದೀನಲ್ಲ, ಅಂದಳು ಅವಳು, ನನ್ನನ್ನೇ ನೋಡುತ್ತ, ಗೋಪಣ್ಣ ನಕ್ಕ, ಮುದುಕಿ ಆದ ಮ್ಯಾಲೆ ಸಾಲಿ ಕಲತರ ಹಿಂಗ ಆಕ್ಕೈತಿ, ಎಲ್ಲರೂ ನಕ್ಕರು, ಅವಳ ಕಣ್ಣು ನನ್ನ ಮೇಲಿಂದ ಜಾರಿ ಜೇಬಿನ ಮೇಲೆ ಬಂತು, ಅಲ್ಲಿಂದ ತನ್ನ ಬೆರಳ ಮೇಲೆ, ಓದುವಾಗ ಇಡುತ್ತಾಳಲ್ಲ ಆ ಬೆರಳು, ಅದನ್ನು ತಿರುಗಿಸಿ ನೋಡಿಕೊಂಡಳು, ನನ್ನನ್ನು ಸುಳ್ಳ ಅನ್ನಲಿಲ್ಲ, ಆ ಬೆರಳನ್ನು ಸುಳ್ಳು ಅಂದುಕೊಂಡಳು. ನಾನು ಅಲ್ಲಿಯೇ ಇದ್ದೆ.

ಆ ಊರಿನ ಪದ್ಧತಿ ಅದು, ನೀರು ಕದ್ದವರ ಸಲಿಕೆ ಕಸಿದು ತೂಬಿನ ಮೇಲಿನ ಕಬ್ಬಿಣದ ಅಡ್ಡಪಟ್ಟಿಗೆ ತೂಗುಹಾಕುತ್ತಾರೆ, ದಂಡವಿಲ್ಲ, ಹೊಡೆತವಿಲ್ಲ, ಒಂದು ಸುತ್ತಿನ ಪಾಳಿ ಮುಗಿಯುವವರೆಗೆ ಸಲಿಕೆ ತೂಗಬೇಕು, ಹೋಗಿಬರುವವರೆಲ್ಲ ಕಾವು ನೋಡಿ ಯಾರದೆಂದು ತಿಳಿಯಬೇಕು, ಆಮೇಲೆ ಬಂದು ಬಿಚ್ಚಿಕೊಂಡು ಹೋಗಬಹುದು. ಪೀರ್‌ಸಾಬ ಕಟ್ಟಿದ, ಮನಸ್ಸಿಲ್ಲದೆ ಕಟ್ಟಿದ, ಹಸಿರು ಬಟ್ಟೆಗೆ ಒಮ್ಮೆ ಕೈಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ಕಟ್ಟಿದ. ಎಂಟು ದಿನಕ್ಕೆ ಪಾಳಿ ಮುಗಿಯಿತು. ಅವಳು ಬಿಚ್ಚಿಕೊಳ್ಳಲು ಬರಲಿಲ್ಲ. ಹೊಲವನ್ನು ಮತ್ತೆ ಮೈದುನನಿಗೆ ಬಿಟ್ಟಳಂತೆ, ಅಕ್ಷರ ಕಲಿತ ಪುಸ್ತಕವನ್ನು ಒಲೆಗೆ ಹಾಕಿದಳಂತೆ, ಪೀರ್‌ಸಾಬ ಹೇಳಿದ, ನಾನು ಕೇಳಿಸಿಕೊಂಡೆ, ಗದ್ದಲವಾದ ಆ ಗುರುವಾರವೇ ಲೋಕಲ್ ಫೈಲು ತೆರೆದು ಸೊನ್ನೆ ಅಳಿಸಿ ಆರು ಬರೆದಿದ್ದೆ, ಹದಿನೈದು ನಿಮಿಷ ಬರೆದಿದ್ದೆ, ಎಲ್ಲರೂ ಊಟಕ್ಕೆ ಹೋದಾಗ, ಬಾಗಿಲು ಮುಂದೆ ಮಾಡಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ಎಲ್ಲ ಸರಿಯಾಯಿತು, ಸರ್ ಹನ್ನೆರಡು ಊರಿನ ಕೆಲಸ ಹಿಡಿದರು, ನನ್ನ ಬೆನ್ನು ತಟ್ಟಿದರು. ಈಗ ನನ್ನಷ್ಟು ಹುಷಾರಿನವನು ಇನ್ನೊಬ್ಬನಿಲ್ಲ, ಫ್ಲಾಪಿಯಲ್ಲಿ ಲೋಕಲ್ ಫೈಲು ಇಲ್ಲ ಎಂದು ಇವತ್ತು ಬೆಳಿಗ್ಗೆ ಮೂರು ಸಲ ನೋಡಿದ್ದೇನೆ, ಮಸ್ಕಿಯ ಫೈಲಿನಲ್ಲಿ ಅಮಾವಾಸ್ಯೆಗೆ ಪಾಳಿ ಇಲ್ಲ, ಲಿಂಗಸೂಗೂರಿನಲ್ಲಿ ಸೋಮವಾರ ಇಲ್ಲ, ಬೇರೆ ಕಡೆ ನಕಲು ತೆಗೆದಿಟ್ಟು ಆಮೇಲೆ ಕೈಹಾಕುತ್ತೇನೆ, ಊರೂರಿನ ಪದ್ಧತಿಯನ್ನು ಮೊಟ್ಟೆಯಂತೆ ಕಾಯುತ್ತೇನೆ, ಎಲ್ಲ ಸರಿ, ಎಲ್ಲ ಬಂತು ನನಗೆ, ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಮಾಡಿದವನು ನಾನು, ಉಂಡವಳು ಅವಳು. ವಳಕಮದಿನ್ನಿಗೆ ಹೋದಾಗಲೆಲ್ಲ ತೂಬು ದಾಟಲೇಬೇಕು, ಮಳೆಗೆ ಸಲಿಕೆಯ ಅಲಗು ತುಕ್ಕು ಹಿಡಿದಿದೆ, ಬಿಸಿಲಿಗೆ ಹಸಿರು ಬಟ್ಟೆ ಬಿಳಿಚಿದೆ, ಗಾಳಿ ಬಂದರೆ ಸ್ವಲ್ಪ ತಿರುಗುತ್ತದೆ, ನನ್ನ ಕಡೆಗೆ. ಒಮ್ಮೆ ನಾನೇ ಬಿಚ್ಚಿಕೊಂಡು ಹೋಗಿ ಅವಳ ಮನೆ ಬಾಗಿಲಿಗಿಟ್ಟು ಓಡಿಬಿಡಲೇ ಅನಿಸಿತು, ಓಡುವುದು ಮಾತ್ರ ನನಗೆ ಮೊದಲು ಹೊಳೆಯುತ್ತದೆ. ಚೀಟಿಯನ್ನು ಸುಡಲು ಎರಡು ಸಲ ಕಡ್ಡಿ ಗೀರಿದ್ದೇನೆ, ಆಗಲಿಲ್ಲ.

ಮಸ್ಕಿಯ ಗುಡ್ಡ ಕಂಡಿತು, ಇನ್ನು ಹತ್ತು ನಿಮಿಷ, ಹೇಳಬೇಕಾದರೆ ಈಗ, ಇಳಿದ ಮೇಲೆ ಅವಳು ಪಾಮನಕಲ್ಲೂರಿನ ಗಾಡಿ ಹಿಡಿಯುತ್ತಾಳೆ, ಮಗಳ ಮನೆಯಂತೆ, ಪಕ್ಕದವಳಿಗೆ ಹೇಳುತ್ತಿದ್ದಾಳೆ, ಕೇಳಿಸುತ್ತಿದೆ, ಅಲ್ಲೇ ಇರಾಕ ಹೊಂಟೀನವ್ವ, ಅಲ್ಲಿ ಕಾಲಿವಿ ಇಲ್ಲ, ಪಾಳಿ ಇಲ್ಲ, ಮಳಿ ಬಂದರ ಎಲ್ಲರಿಗೂ ಬರತೈತಿ, ಬರದಿದ್ದರ ಯಾರಿಗೂ ಇಲ್ಲ. ಊರು ಬಿಟ್ಟೇ ಹೊರಟಿದ್ದಾಳೆ, ಅಯ್ಯೋ, ಗಂಟು ಅದಕ್ಕೇ ಅಷ್ಟು ದೊಡ್ಡದು, ನಾನು ಹಬ್ಬಕ್ಕೇನೋ ಹೋಗುತ್ತಿದ್ದಾಳೆ ಅಂದುಕೊಂಡೆ. ಬಸ್ಸು ನಿಂತಿತು, ಜನ ನುಗ್ಗಿದರು, ಇಳಿದೆ, ಸಂಘದ ಕಡೆ ಹೋಗುವ ದಾರಿ ಎಡಕ್ಕೆ, ಕಾಲು ಎಡಕ್ಕೇ ತಿರುಗಿತು, ನಿಲ್ಲು ಅಂದುಕೊಂಡೆ, ನಿಂತೆ, ಅವಳೇ ಬಂದಳು, ಯಪ್ಪಾ ಯೂನುಸ, ಪಾಮನಕಲ್ಲೂರು ಗಾಡಿ ಯಾವುದು ನೋಡಿ ಹೇಳು. ನಿನಗ ಓದಾಕ ಬರತೈತಲ್ಲವ್ವ, ಅಂದೆ, ಬಾಯಿಂದ ಬಿದ್ದೇಬಿಟ್ಟಿತು. ಅಕ್ಷರ ಕಾಣತಾವಪಾ, ಅವು ಖರೇ ಹೇಳತಾವೋ ಸುಳ್ಳು ಹೇಳತಾವೋ ನನಗ ತಿಳಿಯಂಗಿಲ್ಲ, ನೀನ ಹೇಳು. ಡೈರಿ ತೆಗೆದೆ, ರಟ್ಟಿನಿಂದ ಚೀಟಿ ತೆಗೆದೆ, ಮಡಿಕೆಯಲ್ಲಿ ಹರಿದಿದೆ, ಚಾಚಿದೆ, ಅವಳು ತೆಗೆದುಕೊಳ್ಳಲಿಲ್ಲ, ನೀನ ಓದು ಅಂದಳು ಮತ್ತೆ. ಓದಿದೆ, ಬಸ್ ನಿಲ್ದಾಣದ ನಡುವೆ, ಶೇಂಗಾ ಮಾರುವವರ ನಡುವೆ, ಹುಸೇನಮ್ಮ, ಗುರುವಾರ, ಇಪ್ಪತ್ತನೇ ತಾರೀಖು, ಮುಂಜಾನಿ ಎಂಟು ಗಂಟಿ. ಇದು ಹಳೇ ಚೀಟಿ ಅಲ್ಲವ್ವ, ಅವತ್ತಿಂದ, ನೀ ಓದಿದ್ದು ಸರಿ ಇತ್ತು, ತಪ್ಪು ನಂದು, ನಾ ಅಚ್ಚು ಹಾಕಿದ್ದು ತಪ್ಪಿತ್ತು, ಗೊತ್ತಿದ್ದೂ ಸುಳ್ಳು ಹೇಳಿದೆ. ಅಳುತ್ತಾಳೆ ಅಂದುಕೊಂಡೆ, ಹೊಡೆಯುತ್ತಾಳೆ ಅಂದುಕೊಂಡೆ, ಕೆನ್ನೆ ಒಡ್ಡಿಯೇ ನಿಂತಿದ್ದೆ, ಹೊಡೆದರೆ ಮುಗಿಯುತ್ತದಲ್ಲ, ಅವಳು ಗಂಟನ್ನು ನೆಲಕ್ಕಿಟ್ಟಳು, ಈಗ ಚೀಟಿ ತೆಗೆದುಕೊಂಡಳು, ಬೆರಳಿಟ್ಟಳು, ಆ ಬೆರಳು, ತುಟಿ ಅಲ್ಲಾಡಿತು, ಎಂಟು, ಅಂದಳು, ಎಂಟ ಐತಿ. ಪಾಮನಕಲ್ಲೂರಿನ ಗಾಡಿ ಹಾರ್ನ್ ಹಾಕಿತು, ಅವಳು ಅದರ ಬೋರ್ಡು ನೋಡಿದಳು, ಓದಿದಳು, ಹತ್ತಲಿಲ್ಲ. ಸಿಂಧನೂರಿಗಿ ಹಿಂದಕ ಗಾಡಿ ಎಷ್ಟಕ್ಕೈತಿ, ಅಂದಳು. ನನಗೆ ತಿಳಿಯಲಿಲ್ಲ, ಯಾಕವ್ವ, ಅಂದೆ. ಈಗ ನನ್ನ ಮುಂದ ಓದಿದಿಯಲ್ಲ, ಇದನ್ನ ತೂಬಿನ ಕಟ್ಟಿ ಮ್ಯಾಲೆ ನಿಂತು ಓದತೀಯೇನಪಾ, ಗೋಪಣ್ಣನ ಮುಂದ, ಎಲ್ಲಾರ ಮುಂದ, ಅವತ್ತ ಯಾರ್‍ಯಾರು ನಕ್ಕರೋ ಅವರ ಮುಂದ. ಚೀಲದಲ್ಲಿ ಫ್ಲಾಪಿಗಳು, ಮಸ್ಕಿಯ ಸಂಘದವರು ಕಾಯುತ್ತಿರುತ್ತಾರೆ, ಶಿವಶರಣಪ್ಪ ಸರ್, ಹನ್ನೆರಡು ಊರು, ನಾಳೆ ಲಿಂಗಸೂಗೂರು, ಹೂಂ ಅನ್ನಬೇಕು, ಒಂದೇ ಅಕ್ಷರ, ಹೂಂ, ಕೇಳುತ್ತಿದ್ದಾಳೆ, ಹೌದೋ ಬೇಡವೋ, ಕಾಯುತ್ತಿದ್ದಾಳೆ, ಬಾಯಿ ತೆರೆದಿದ್ದೇನೆ, ಅವಳ ಮುಖ ಕಾಣುತ್ತಿಲ್ಲ, ನಿಲ್ದಾಣ ಕಾಣುತ್ತಿಲ್ಲ, ಕಣ್ಣ ಮುಂದೆ ತೂಬಿನ ಕಬ್ಬಿಣದ ಅಡ್ಡಪಟ್ಟಿ, ಕೆಳಗೆ ಕೆಂಪು ನೀರು, ಸಲಿಕೆ, ಕಾವಿಗೆ ಬಿಳಿಚಿದ ಬಟ್ಟೆ, ಸಲಿಕೆ ತಿರುಗುತ್ತಿದೆ, ತಿರುಗಿ, ನನ್ನ ಕಡೆಗೆ, ನಿಂತಿತು, ಸಲಿಕೆ